ಹನ್ನೊಂದನೆಯ ಹೆಸರು

ಮಾರ್ತೊಯೊ ಮೇಷ್ಟ್ರು ಇಂಡೊನೇಷ್ಯಾದ ಕ್ಲಾತೆನ್ ಕಡೆಯ ಹಳ್ಳಿಯೊಂದರಲ್ಲಿ ಮೂರು ತಲೆಮಾರಿಗೆ ಜಾವಾ ಭಾಷೆಯ ವ್ಯಾಕರಣ ಕಲಿಸಿದವರು. ಆ ಭಾಷೆಯಲ್ಲಿ, ಕೆಲಸ ಮಾಡಿದವನು ಯಾರೆಂಬ ಗುರುತು ಕ್ರಿಯಾಪದದ ನೆತ್ತಿಯ ಮೇಲೇ ಕೂರುತ್ತದೆ. ನಾನು ಬರೆದರೆ ‘ತಕ್‌ತುಲಿಸ್’, ನೀನು ಬರೆದರೆ ‘ಕೊಕ್‌ತುಲಿಸ್’. ಮೂರನೆಯದು ‘ದಿತುಲಿಸ್’, ಯಾರೋ ಬರೆದರು, ಯಾರೆಂದು ಹೇಳಲೇಬೇಕೆಂದಿಲ್ಲ. “ಲೋ, ಸ್ಲೇಟು ಒಡೆದೋಯ್ತು ಅನ್ಬೇಡ, ಒಡೆದವನ ಹೆಸರು ಹೇಳೋ!” ಎಂದು ಹುಡುಗರ ಕಿವಿ ಹಿಂಡುತ್ತಿದ್ದ ಈ ಮನುಷ್ಯ, ತನ್ನ ಸರದಿ ಬಂದಾಗ ಮಾತ್ರ ಆ ಮೂರನೆಯದರ ಮರೆಯಲ್ಲಿ ಅಡಗಿ ಕೂತ.

ಸಾವಿರದ ಒಂಬೈನೂರ ಅರವತ್ತೈದರಲ್ಲಿ, ಕಮ್ಯುನಿಸ್ಟರೆಂದು ಜನರನ್ನು ಹಿಡಿದೊಯ್ಯಲು ಸೈನ್ಯದ ಲಾರಿಗಳು ಬಂದ ವಾರ, ಅಕ್ಷರ ದುಂಡಗಿದೆಯೆಂದು ಪಟ್ಟಿ ಬರೆಯಲು ಇವರನ್ನೇ ಕೂರಿಸಿದ್ದರು. ಹತ್ತು ಹೆಸರು ಹೇಳಿ ಬರೆಸಿದರು. “ಇನ್ನೊಂದು ಬೇಕು, ಇಲ್ಲಾಂದ್ರೆ ನಿಂದೇ ಬರ್ಕೊ” ಎಂದಾಗ ಕೈ ತಾನಾಗಿ, ಅಯ್ಯೋ, ತಾನಾಗಿ ಎಲ್ಲಿಂದ ಬಂತು, ಪಕ್ಕದ ಮನೆಯ ಸುಕಿಜಾನನ ಹೆಸರು ಬರೆಯಿತು. ಊರ ಗದ್ದೆಗಳಿಗೆ ನೀರು ಬಿಡುವವನು, ಯಾರ ಗೊಡವೆಗೂ ಹೋಗದವನು. ಲಾರಿ ಹತ್ತಿದವನು ಮರಳಿ ಬರಲಿಲ್ಲ.

ಅಂದಿನಿಂದ ಮೇಷ್ಟ್ರ ಗದ್ದೆಗೆ ಸರದಿಯಿಲ್ಲದ ದಿನವೂ ನೀರು ಹರಿಯತೊಡಗಿತು. ಯಾರೋ ಬದು ಕಡಿದಿರುತ್ತಿದ್ದರು, ಕೆಸರಲ್ಲಿ ಸುಕಿಜಾನನದರಂಥದೇ ಅಗಲ ಪಾದದ ಗುರುತು. ಕೇಳಿದರೆ ಊರವರು “ನಾವ್ಯಾರೂ ಅಲ್ಲಪ್ಪ” ಎನ್ನುತ್ತಿದ್ದರು. ಮೇಷ್ಟ್ರು ಆ ಗುರುತನ್ನು ಕಾಲಿಂದ ಒರೆಸಿಬಿಡುತ್ತಿದ್ದರು.

ಉಪವಾಸದ ತಿಂಗಳು ಮುಗಿದ ಹಬ್ಬದ ಬೆಳಿಗ್ಗೆ ಕಿರಿಯರು ಹಿರಿಯರ ಮೊಣಕಾಲಿಗೆ ಹಣೆ ಹಚ್ಚಿ ವರ್ಷದ ತಪ್ಪುಗಳಿಗೆ ಕ್ಷಮೆ ಬೇಡುತ್ತಾರೆ. ಸುಕಿಜಾನನ ಹೆಂಡತಿ ಕಸಿನೆಮ್ ನಲವತ್ತೈದು ವರ್ಷದಲ್ಲಿ ಒಮ್ಮೆಯೂ ತಪ್ಪಿಸಲಿಲ್ಲ. “ತಪ್ಪಾಗಿದ್ರೆ ಮನ್ನಿಸ್ಬೇಕು ಮೇಷ್ಟ್ರೇ” ಎಂದು ಬಾಗುವಳು. “ಇಲ್ಲೂ ತಪ್ಪಾಗಿದೆ, ಮರೆತುಬಿಡಮ್ಮ” ಎಂದು ಅವರು ಉಳಿದದ್ದನ್ನು ನುಂಗಿಕೊಳ್ಳುವರು.

ಈ ಸಲ ಅವಳದು ಕೊನೆಯ ಭೇಟಿ. ಮರುದಿನ ಮಗಳ ಜೊತೆ ಸುಮಾತ್ರಕ್ಕೆ ಹೋಗಿಬಿಡುವವಳು. ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ. ಅವಳು ಬಾಗುವ ಮೊದಲೇ ಮೇಷ್ಟ್ರು ಕುರ್ಚಿಯಿಂದಿಳಿದು ಅವಳ ಮುಂದೆ ಮಂಡಿಯೂರಿದರು. ಎಪ್ಪತ್ತೈದರ ಹಿರಿಯ ಕಿರಿಯಳಿಗೆ ಬಾಗುವುದುಂಟೆ!

“ನೆಮ್, ನಿನ್ನ ಗಂಡನ ಹೆಸರು ಬರೆದದ್ದು ನಾನು. ನಾನೇ.”

“ಗೊತ್ತು ಮೇಷ್ಟ್ರೇ. ಆ ವಾರವೇ ಗೊತ್ತಾಯ್ತು.”

“ಗೊತ್ತಿದ್ದೂ ಮತ್ಯಾಕಮ್ಮ ಪ್ರತಿ ವರ್ಷ ನನ್ನ ಕಾಲಿಗೆ ಬಿದ್ದೆ?”

“ನಂಗೆ ಎರಡು ಮಕ್ಕಳಿದ್ವು. ಬರದೇ ಇದ್ರೆ ಅವುಗಳ ಹೆಸರೂ ಬರೀತೀರೇನೋ ಅಂತ. ಆ ಹೆದ್ರಿಕೆ ಇವತ್ತಿಗೂ ಹೋಗಿಲ್ಲ.”

ಶಾಲು ಸರಿಮಾಡಿಕೊಂಡು ಅವಳು ಹೊರಟಳು. ಮೇಷ್ಟ್ರನ್ನು ನೆಲದಿಂದ ಎಬ್ಬಿಸಲು ಸೊಸೆ ಬರಬೇಕಾಯಿತು.