ದನಿ ಕೊಟ್ಟ ಮಾವಶಿ

ಮಾವಶಿಯ ಎರಡೂ ಮುಂಗೈಗಳ ಮೇಲೆ ಬಳೆಗಳ ಕೆಂಪು ಗುರುತು ಯಾವಾಗಲೂ ಇರುತ್ತಿತ್ತು. ಮೈಕಿನ ಮುಂದೆ ನಿಲ್ಲುವ ಮೊದಲು ಅವರು ಹಸಿರು ಗಾಜಿನ ಬಳೆಗಳನ್ನು ಆದಷ್ಟು ಮೇಲಕ್ಕೆ ಏರಿಸಿ, ಅಲುಗಾಡದಂತೆ ಕರವಸ್ತ್ರ ಬಿಗಿದು ಕಟ್ಟುತ್ತಿದ್ದರು. ಬಳೆಯ ಸಪ್ಪಳ ಮೈಕಿಗೆ ಬೀಳಬಾರದು. ತೆಗೆದಿಡಿ ಎಂದು ಹೇಳಿ ಹೇಳಿ ಸ್ಟುಡಿಯೋದವರಿಗೆ ಸಾಕಾಗಿತ್ತು. "ಬರೇ ಕೈಲೆ ನಿಂತ್ರ ನನಗ ಮಾತ ಬರೂದಿಲ್ಲ" ಎನ್ನುತ್ತಿದ್ದರು ಮಾವಶಿ. ಚಪ್ಪಲಿ ಹೊರಗೆ ಬಿಟ್ಟು, ಮೈಕಿಗೊಮ್ಮೆ ಕೈಮುಗಿದು, ಗಂಟಲು ಸರಿಮಾಡಿಕೊಂಡರೆಂದರೆ ಮುಗಿಯಿತು, ಆಮೇಲೆ ಅಲ್ಲಿ ನಿಂತಿರುತ್ತಿದ್ದವಳು ಬೇರೆಯೇ ಹೆಂಗಸು.

ಸ್ಟುಡಿಯೋ ಇದ್ದದ್ದು ಅಮೀರ್‌ಪೇಟ್‌ನ ಗಲ್ಲಿಯೊಂದರಲ್ಲಿ, ಕಂಪ್ಯೂಟರ್ ಕಲಿಸುವ ಸಂಸ್ಥೆಯ ಮೇಲಿನ ಮಹಡಿಯಲ್ಲಿ. ತೆಲುಗು ಧಾರಾವಾಹಿಗಳಿಗೆ ಕನ್ನಡದ ಮಾತು ಕೂಡಿಸುವುದು ಅಲ್ಲಿನ ಕೆಲಸ. ನಾನು ಮಾತು ಬರೆಯುವವಳಾಗಿ ಸೇರಿದೆ. ತಾಯಿಯ ಪಾತ್ರಗಳಿಗೆ ದನಿ ಕೊಡುತ್ತಿದ್ದ ಅವರನ್ನು ಅಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನನ್ನ ತಂದೆ ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು. ನಾನು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ಬರೆಯುವ ಕನ್ನಡವನ್ನು ಪುಸ್ತಕ ಓದಿ ಕಲಿತಿದ್ದೆ. ಅದು ಮೊದಲ ದಿನವೇ ಬಯಲಾಯಿತು.

ಮಗನನ್ನು ತಾಯಿ ಬೈಯುವ ದೃಶ್ಯ. "ನಿನ್ನ ಈ ವರ್ತನೆಯಿಂದ ನನ್ನ ಹೃದಯಕ್ಕೆ ಅಪಾರ ನೋವುಂಟಾಗಿದೆ" ಎಂದು ನಾನು ಬರೆದಿದ್ದೆ. ತೆರೆಯ ಮೇಲಿನ ತಾಯಿ ಬಾಯಿ ಮುಚ್ಚಿದರೂ ನನ್ನ ವಾಕ್ಯ ಮುಗಿಯುತ್ತಿರಲಿಲ್ಲ. ಎರಡು ಸಲ ಪ್ರಯತ್ನಿಸಿದ ಮಾವಶಿ ಹಾಳೆ ಹಿಡಿದು ಹೊರಗೆ ಬಂದರು.

"ಯಾರ ಬರ್ದಾರ ಇದನ್ನ?"

ನಾನು ಎದ್ದು ನಿಂತೆ.

"ನಿಮ್ಮ ಅವ್ವಗ ಸಿಟ್ಟ ಬಂದ್ರ ಏನಂತಾಳ ತಂಗಿ?"

"'ಮಾಡು, ಇನ್ನಷ್ಟ ಮಾಡು' ಅಂತಾಳ್ರಿ."

"ಹಂಗ ಬರಿ ಮತ್ತ. ಇದನ್ನ ನೀ ಕಣ್ಣಿಲೆ ಬರ್ದಿ. ಬಾಯಿಲೆ ಬರಿ."

ಅಂದಿನಿಂದ ಪ್ರತಿ ಸಾಲನ್ನೂ ಬಾಯಿಬಿಟ್ಟು ಹೇಳಿ ನೋಡಿಯೇ ಬರೆಯತೊಡಗಿದೆ.

ಮಾವಶಿ ಹದಿನಾರಕ್ಕೇ ನಾಟಕ ಕಂಪನಿ ಸೇರಿ, ಮದುವೆಯ ಗೊಡವೆಗೆ ಹೋಗದೆ, ನಡುವಯಸ್ಸಿನವರೆಗೆ ಊರೂರು ತಿರುಗಿದವರು. ಕಂಪನಿ ರಾಯಚೂರಿನಲ್ಲಿ ಮುಚ್ಚಿದಾಗ ಇಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಅವರ ತಮ್ಮ ಹೋಗಿ, ಟ್ರಂಕಿನ ಸಮೇತ ಅಕ್ಕನನ್ನು ಕೂಕಟ್‌ಪಲ್ಲಿಯ ಮನೆಗೆ ಕರೆತಂದರು. ತೆಲುಗು ಬರದೆ ಮಾವಶಿ ಬಾಗಿಲ ಹೊರಗೆ ಬಾಯಿಯನ್ನೇ ತೆರೆಯುತ್ತಿರಲಿಲ್ಲವಂತೆ. "ನಾಕ ತಿಂಗಳ ಮೂಕಿ ಆಗಿದ್ನಿ ನೋಡು" ಎಂದು ನಗುತ್ತಿದ್ದರು. ಪಕ್ಕದ ಮನೆಯವರು ಸ್ಟುಡಿಯೋದ ಸುದ್ದಿ ತಿಳಿಸಿದರು. ಮೊದಲ ದಿನ ಅವರು ಮೈಕಿನ ಮುಂದೆ ನಿಂತು ಥೇಟರಿನ ಕೊನೆಯ ಸಾಲಿಗೆ ಮುಟ್ಟುವಂತೆ ಕೂಗಿದ್ದಕ್ಕೆ ಧ್ವನಿಮುದ್ರಣದ ಹುಡುಗ ಹೆಡ್‌ಫೋನ್ ಕಿತ್ತೆಸೆದು ಎದ್ದುಬಿಟ್ಟನಂತೆ. ಬಲುಬೇಗ ಪಾಠ ಕಲಿತರು. "ಅಲ್ಲೆ ಸಾವಿರ ಮಂದಿಗೆ ಹೇಳ್ತಿದ್ನಿ. ಇಲ್ಲೆ ಒಬ್ಬರ ಕಿವ್ಯಾಗ ಹೇಳೂದು, ಅಷ್ಟ."

ಒಂದು ಸಂಜೆ ಇಬ್ಬರೂ ಮೆಟ್ರೋದಲ್ಲಿ ಮನೆಗೆ ಹೊರಟಿದ್ದೆವು. ಎದುರಿನ ಸೀಟಿನಲ್ಲಿ ಅತ್ತೆ ಸೊಸೆಯರಂತೆ ಕಾಣುವ ಇಬ್ಬರು ಕನ್ನಡದ ಹೆಂಗಸರು ಮೊಬೈಲಿನಲ್ಲಿ ನಮ್ಮದೇ ಧಾರಾವಾಹಿ ನೋಡುತ್ತಿದ್ದರು. ಮಾವಶಿಯ ದನಿ ಬೋಗಿಯ ತುಂಬ ಕೇಳುತ್ತಿತ್ತು. ಮಗನಿಂದ ದೂರವಾದ ತಾಯಿ ಅಳುತ್ತಿದ್ದಳು. ಹಿರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಎಷ್ಟಂತ ತಡಕೋತಾಳಕಿ" ಎಂದರು. ಆ ದನಿ ಇವರದೇ ಎಂದು ಹೇಳಲು ನಾನು ಬಾಯಿ ತೆರೆದೆ. ಮಾವಶಿ ನನ್ನ ತೊಡೆ ಚಿವುಟಿದರು.

ಇಳಿದ ಮೇಲೆ, "ಯಾಕ ಬ್ಯಾಡ ಅಂದ್ರಿ?" ಎಂದು ಕೇಳಿದೆ.

"ದನಿ ನಂದಂತ ಅವರಿಗೆ ಗೊತ್ತಾದ್ರ ಪರದೆ ಮ್ಯಾಲಿನ ಆ ತಾಯಿ ಸತ್ತಹೋಗ್ತಾಳ ತಂಗಿ. ಇರ್ಲಿ ಬಿಡು, ಅಕಿ ಬದುಕ್ಲಿ."

ಧಾರಾವಾಹಿಯ ಕೊನೆಯ ಕೆಲವು ಕಂತುಗಳಷ್ಟೇ ಉಳಿದಿದ್ದಾಗ ಮಾವಶಿಯ ಗಂಟಲಲ್ಲಿ ಗಂಟು ಕಂಡಿತು. ತಡಮಾಡುವಂತಿರಲಿಲ್ಲ. ಅದನ್ನು ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾಗಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ನಾನು ನೋಡಲು ಹೋದಾಗ ಮಾವಶಿ ಏನೋ ಹೇಳಿದರು. ಒಣಗಿದ ಎಲೆ ಉಜ್ಜಿದಂಥ ಸದ್ದು ಬಂತು, ಅಷ್ಟೇ. ಅವರೇ ಅದನ್ನು ಕೇಳಿ ಬೆಚ್ಚಿ ನನ್ನ ಮುಖ ನೋಡಿದರು.

ಸ್ಟುಡಿಯೋದ ಮ್ಯಾನೇಜರು ಬೆಂಗಳೂರಿನಿಂದ ಯಾರನ್ನಾದರೂ ಕರೆಸುವ ಯೋಚನೆಯಲ್ಲಿದ್ದರು. ಮಾವಶಿ ತಮ್ಮನ ಕೈಯಲ್ಲಿ ಒಂದು ಚೀಟಿ ಕಳಿಸಿದರು. ಅದರಲ್ಲಿ ನನ್ನ ಹೆಸರಿತ್ತು.

"ನಾನೇನ ನಟೀನಾ ಮಾವಶಿ? ನನ್ನಿಂದ ಆಗೂದಿಲ್ಲ" ಎಂದು ಅವರ ಮನೆಗೆ ಓಡಿದೆ.

ಅವರು ನನ್ನ ಕಿವಿಯ ಹತ್ತಿರ ಬಂದು ಉಸಿರಿನಲ್ಲೇ ಹೇಳಿದರು: "ಎರಡ ವರ್ಷದಿಂದ ನನ್ನ ಬಾಯಾಗಿನ ಮಾತು ಬರಿಯಾಕತ್ತಿ. ನಿನಗ ಗೊತ್ತಿಲ್ದ ನನ್ನ ಉಸರು ಯಾವುದೈತಿ?"

ಒಂದು ವಾರ ಅವರ ಅಡುಗೆಮನೆಯಲ್ಲೇ ತಾಲೀಮು ನಡೆಯಿತು. ಹಿಂದೆ ನಿಂತು ನನ್ನ ಬೆನ್ನ ಮೇಲೆ ಅಂಗೈ ಇಡುತ್ತಿದ್ದರು. ಉಸಿರು ಮೇಲೆಯೇ ನಿಂತರೆ ಒಂದು ಗುದ್ದು. ಸರಿಯಾಗಿ ಹೊಟ್ಟೆಯಿಂದ ಬಂದರೆ ಸವರುವುದು. ಅವರ ತಮ್ಮನ ಹೆಂಡತಿ ಒಗ್ಗರಣೆ ಹಾಕುತ್ತಲೇ, "ಈಗ ಥೇಟ್ ನಮ್ಮ ಅಕ್ಕಾರು ಮಾತಾಡಿದಂಗ ಕೇಳಸ್ತು" ಎಂದ ದಿನ ಮಾವಶಿ ಹೊರಗಿನ ಕೋಣೆಗೆ ಹೋಗಿ ಕೂತರು. ನಾನು ಹಿಂದೆಯೇ ಹೋದೆ. ಅಳುತ್ತಿದ್ದರು. "ಭಾಳ ಸಂಕಟ ಆತು" ಎಂದು ಉಸುರಿದರು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಮತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತರು.

ಕೊನೆಯ ಕಂತಿನಲ್ಲಿ ಮಗ ಮನೆಗೆ ಮರಳುತ್ತಾನೆ. ತಾಯಿಯ ಮಾತು ಇಷ್ಟೇ: "ಬಂದ್ಯಾ? ಕೈಕಾಲು ತೊಳ್ಕೊ. ಅನ್ನ ಆರೋಗ್ತಾ ಇದೆ." ನಾಲ್ಕು ಸಲ ಹೇಳಿದರೂ ನನ್ನ ಮಾತು ಪರದೆಯ ತುಟಿಗೆ ಕೂಡಲಿಲ್ಲ. ಐದನೆಯ ಸಲಕ್ಕೆ, ಹೊರಗೆ ಕೂತು ಕೇಳುತ್ತಿದ್ದ ಮಾವಶಿ ಒಳಗೆ ಬಂದು, ಪರದೆಗೆ ಅಂಟಿಕೊಂಡಂತೆ ಪಕ್ಕದಲ್ಲಿ ನಿಂತರು. ದೃಶ್ಯ ಓಡಿತು. ಸದ್ದಿಲ್ಲದೆ ಅವರ ತುಟಿಗಳು ಆಡಿದವು. ನಾನು ಪರದೆ ನೋಡುವುದನ್ನು ಬಿಟ್ಟು ಆ ತುಟಿಗಳಿಗೇ ದನಿ ಕೊಟ್ಟೆ. ಗಾಜಿನ ಆಚೆಯಿಂದ "ಓಕೆ ಅಮ್ಮಾ" ಎಂಬ ಮಾತು ಕೇಳಿತು. ಇಬ್ಬರಲ್ಲಿ ಯಾರಿಗೆ ಹೇಳಿದನೋ ಧ್ವನಿಮುದ್ರಣದ ಹುಡುಗ.

ಆಮೇಲೆ ಅದೇ ನನ್ನ ಕೆಲಸವಾಯಿತು. ಮಾವಶಿ ಮೂರು ವರ್ಷ ಬದುಕಿದರು. ನಾನು ಭಾನುವಾರಗಳಂದು ಹೋಗುತ್ತಿದ್ದೆ. ಕಂಪನಿಯಲ್ಲಿ ಮೊದಲ ಸಲ ಆಡಿದ ತಂಗಿಯ ಪಾತ್ರದ ಮಾತನ್ನು ಅವರು ಉಸಿರುಸಿರಾಗಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮನೆ ಬಿಟ್ಟು ಹೊರಟ ತಂಗಿ ಅಣ್ಣನಿಗೆ ಹೇಳುವ ಉದ್ದದ ಮಾತು. ವಾರವಾರವೂ ಅದನ್ನು ನನ್ನಿಂದ ಹೇಳಿಸಿ ಕೇಳುತ್ತಿದ್ದರು. ತಪ್ಪಿದರೆ ತೋರುಬೆರಳು ಮೇಲೇಳುತ್ತಿತ್ತು.

ಗಂಟು ಮತ್ತೆ ಬೆಳೆದಿತ್ತು. ಕೊನೆಯ ಭಾನುವಾರ ಮಾವಶಿ ಕಣ್ಣು ತೆರೆಯಲಿಲ್ಲ. ಎರಡು ದಿನದಿಂದ ಯಾರನ್ನೂ ಗುರುತಿಸುತ್ತಿಲ್ಲವೆಂದು ಅವರ ತಮ್ಮ ಹೇಳಿದರು. ನಾನು ಹಾಸಿಗೆಯ ಪಕ್ಕ ಕೂತು ಪಾತ್ರದ ಮಾತು ಶುರುಮಾಡಿದೆ. ನಡುವೆ "ಅಣ್ಣಾ" ಎಂದು ಕರೆಯಬೇಕಾದಲ್ಲಿ ಬೇಕೆಂದೇ ಕರೆಯದೆ ಮುಂದೆ ಹೋದೆ.

ಹೊದಿಕೆಯ ಮೇಲೆ ಬೆರಳು ಎದ್ದಿತು.

"ಅಣ್ಣಾ" ಎಂದೆ. ಅವರು ಕಲಿಸಿದ ಹಾಗೆಯೇ, ಹೊಟ್ಟೆಯಿಂದ, ಒಬ್ಬರಿಗೆ ಮಾತ್ರ ಕೇಳುವಷ್ಟು. ಬೆರಳು ಮೆಲ್ಲಗೆ ಕೆಳಗಿಳಿಯಿತು. ಪೂರ್ತಿ ಹೇಳಿ ಮುಗಿಸಿಯೇ ಎದ್ದೆ. ಮಂಗಳವಾರ ಮುಂಜಾನೆ ಅವರ ತಮ್ಮ ಫೋನ್ ಮಾಡಿದರು.