ಮೇಲು ಹಾಲು, ಮೇಲಿನ ಮನೆ

ಮೇಲಿನ ಮನೆಯ ಆಂಟಿಯ ಎರಡೂ ಕೈಗಳ ಹಸಿರು ಗಾಜಿನ ಬಳೆಗಳಿಗೆ ಒಂದೊಂದು ರಬ್ಬರ್ ಬ್ಯಾಂಡ್ ಬಿಗಿದಿರುತ್ತಿತ್ತು, ಸೊಪ್ಪಿನ ಕಟ್ಟಿಗೆ ಹಾಕಿದ ಹಾಗೆ. ಇವತ್ತು ಬೆಳಿಗ್ಗೆ ಎಂದಿನಂತೆ ಮಗಳಿಗೆ ಎರಡು ಜಡೆ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿ, ಸ್ಕೂಲ್ ವ್ಯಾನ್ ಹತ್ತಿಸಿ, ಬರುವಾಗ ತಂದ ಸಬ್ಬಸಿಗೆ ಸೊಪ್ಪನ್ನು ಬಿಡಿಸುತ್ತ ಕೂತಿದ್ದೆ. ಕಟ್ಟಿನ ರಬ್ಬರ್ ಬ್ಯಾಂಡ್ ಬೆರಳಿಗೆ ಸಿಕ್ಕಿಕೊಂಡಿತು. ಎಸೆಯಲು ಕೈ ಬರಲಿಲ್ಲ. ಅವರು ತೀರಿಹೋಗಿ ತಿಂಗಳ ಮೇಲಾಯಿತು.

ಬನಶಂಕರಿಯ ಈ ಕಟ್ಟಡಕ್ಕೆ ನಾವು ಬಂದಾಗ ನಾನು ತುಂಬು ಬಸುರಿ. ನಮ್ಮದು ಮೊದಲನೇ ಮಹಡಿ, ಅವರದು ಅದರ ಮೇಲಿನದು. ತುಮಕೂರಿನ ಕಡೆಯವರು. ಹಣೆಯ ಮೇಲೆ ತೆಳುವಾಗಿ ವಿಭೂತಿ, ಸೆರಗಿನ ತುದಿಯಲ್ಲಿ ಸದಾ ಏನಾದರೊಂದು ಗಂಟು: ಏಲಕ್ಕಿ, ಸೇಫ್ಟಿಪಿನ್ನು, ಒಮ್ಮೊಮ್ಮೆ ಬೀಗದ ಕೈ. ಬೆಲ್ ಒತ್ತುವವರಲ್ಲ. ಉಗುರಿನಿಂದ ಬಾಗಿಲನ್ನು ಮೆಲ್ಲಗೆ ಕೆರೆಯುವರು, ಬೆಕ್ಕು ಕೆರೆದ ಹಾಗೆ.

ಹೆರಿಗೆಯಾದ ಮೇಲೆ ಅತ್ತೆ ಬಂದು ಕೆಲವು ವಾರ ಇದ್ದು ಹೋದರು. ಗೊಟ್ಟಿಗೆರೆಯಲ್ಲಿದ್ದ ನನ್ನ ಅಮ್ಮನಿಗೆ, ಹಾಸಿಗೆ ಹಿಡಿದಿದ್ದ ಅಪ್ಪನನ್ನು ಬಿಟ್ಟು ಬರಲಾಗುತ್ತಿರಲಿಲ್ಲ. ಒಂದೇ ಊರು, ಆದರೂ ಅಮ್ಮ ಫೋನಿನೊಳಗೆ ಮಾತ್ರ ಇದ್ದಳು. ಗಂಡ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ನಡುವೆ ನಾನು, ಮಗು, ಎದುರು ಕಟ್ಟಡದ ಬಣ್ಣ ಬಳಿಯದ ಗೋಡೆ.

ನನ್ನ ಹಾಲು ಮಗುವಿಗೆ ಸಾಲುತ್ತಿರಲಿಲ್ಲ. ತೂಕ ಏರುತ್ತಿಲ್ಲವೆಂದು ಮಕ್ಕಳ ಡಾಕ್ಟರು ಪುಡಿ ಹಾಲನ್ನೂ ಕೊಡಲು ಹೇಳಿದ್ದರು. "ನಮ್ಮ ಮನೇಲಿ ಯಾರೂ ಬಾಟಲ್ ಮುಟ್ಟಿದವರಲ್ಲಮ್ಮ," ಎಂದು ಅತ್ತೆ ಹೊರಡುವಾಗ ಹೇಳಿದ್ದು ಬೈಗುಳವೇನಲ್ಲ. ಆದರೂ ಅಂದಿನಿಂದ ನಾನು ಬಾಟಲನ್ನು ಇಡ್ಲಿ ಪಾತ್ರೆಯೊಳಗೆ ಮುಚ್ಚಿಡತೊಡಗಿದೆ. ಕಿಟಕಿಯ ಪರದೆ ಎಳೆದು ಕುಡಿಸುತ್ತಿದ್ದೆ.

ಮೊದಲ ಸಲ ಆಂಟಿ ಮಗುವನ್ನು ನೋಡಲು ಬಂದಾಗ ಅವರ ಬಳೆ ಗಲ್ಲೆಂದಿತು. ಆಗಷ್ಟೇ ಮಲಗಿದ್ದ ಮಗು ಬೆಚ್ಚಿತು. ಅತ್ತದ್ದು ಮಗುವಲ್ಲ, ನಾನು. ಬಿಕ್ಕಿ ಬಿಕ್ಕಿ ಅತ್ತೆ. ಅವರು ಒಂದು ಲೋಟ ನೀರು ತಂದುಕೊಟ್ಟು ಹೊರಟುಹೋದರು. ಮರುದಿನ ಬಾಗಿಲು ಕೆರೆದು ಒಳಗೆ ಬಂದಾಗ ಬಳೆಗಳಿಗೆ ರಬ್ಬರ್ ಬ್ಯಾಂಡ್ ಬಿದ್ದಿತ್ತು. ಆಮೇಲೆ ಈ ಎಲ್ಲ ವರ್ಷಗಳಲ್ಲಿ ಆ ಬಳೆಗಳ ಸದ್ದು ನನ್ನ ಕಿವಿಗೆ ಬಿದ್ದದ್ದೇ ಇಲ್ಲ. ಒಮ್ಮೆ ಹಾಕಿದ್ದನ್ನು ತೆಗೆಯಲು ಮರೆತಿದ್ದಾರೆ, ಹಾಗೇ ಅಭ್ಯಾಸವಾಗಿದೆ ಅಂದುಕೊಂಡಿದ್ದೆ.

ಆ ಎರಡನೆಯ ಭೇಟಿಯಲ್ಲೇ ಅವರು ಮಗುವಿನ ಹೊಟ್ಟೆ ಸವರಿ ಕೇಳಿದರು, "ಮೇಲು ಹಾಲಾ ಪುಟ್ಟಾ?"

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತ ಕನ್ನಡದಲ್ಲಿ ಮೇಲು ಎಂದರೆ ಶ್ರೇಷ್ಠ, ಅದರ ವಿರುದ್ಧ ಪದ ಕೀಳು. ತಾಯಿಯ ಹಾಲೇ ಶ್ರೇಷ್ಠವೆಂದು ಆಸ್ಪತ್ರೆಯ ಗೋಡೆಗಳ ಮೇಲೆಲ್ಲ ಬರೆದಿತ್ತಲ್ಲ. ಬೆನ್ನು ನೆಟ್ಟಗೆ ಮಾಡಿ ಸುಳ್ಳು ಹೇಳಿದೆ. "ಹೌದು ಆಂಟಿ, ಮೇಲು ಹಾಲೇ. ಬೇರೆ ಏನೂ ಕೊಡಲ್ಲ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಒಳ್ಳೇದಾಯ್ತು ಬಿಡು, ಮಗು ಹೊಟ್ಟೆ ತುಂಬಿದ್ರೆ ಸಾಕು," ಎಂದರು. ಅಷ್ಟೇ.

ವಾರಗಳು ಕಳೆದಂತೆ ನನಗೆ ನಿದ್ದೆ ಹೋಯಿತು. ಮಗು ಮಲಗಿದರೂ ನಾನು ಮಲಗಲಾರೆ. ಎದೆಗೆ ಹಾಕಿಕೊಂಡಾಗ ಹಾಲಿಲ್ಲವೆಂಬ ನಾಚಿಕೆ, ಬಾಟಲ್ ಹಿಡಿದಾಗ ತಾಯಿಯೇ ಅಲ್ಲವೆಂಬ ನಾಚಿಕೆ. ಮಗು ಅತ್ತರೆ ನನಗೆ ಕೇಳಿಸುವುದು ದೂರದ ಯಾವುದೋ ಮನೆಯ ಮಗುವಿನ ಅಳುವಿನ ಹಾಗೆ. ಗಂಡನಿಗೆ ಹೇಳಹೋದರೆ, "ಸುಸ್ತಾಗಿದೆ ಕಣೇ, ರೆಸ್ಟ್ ತಗೋ," ಅನ್ನುತ್ತಿದ್ದರು. ಪಾಪ, ಅವರಿಗೂ ಅಷ್ಟೇ ಗೊತ್ತಿದ್ದದ್ದು.

ಒಂದು ಬೆಳಿಗ್ಗೆ ಮಗು ನಿಲ್ಲಿಸದೆ ಅಳುತ್ತಿತ್ತು. ನನ್ನ ಕೈಗಳ ಮೇಲೆ ನನಗೇ ನಂಬಿಕೆ ಹೋಯಿತು. ಅದನ್ನು ಹಾಸಿಗೆಯ ನಡುವೆ ಮಲಗಿಸಿ, ಸುತ್ತ ದಿಂಬಿಟ್ಟು, ಹೊರಗೆ ಬಂದು ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಒಳಗೆ ಹೋದರೆ ಏನು ಮಾಡಿಬಿಡುತ್ತೇನೋ ಎಂಬ ಹೆದರಿಕೆ. ಹೂವಿನ ಬುಟ್ಟಿ ಹಿಡಿದು ಇಳಿದು ಬಂದ ಆಂಟಿ ನನ್ನನ್ನು ನೋಡಿ, ದಾಟಿ, ಬಾಗಿಲು ತೆಗೆದು ಒಳಗೆ ಹೋದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊಸಿಲಿಗೆ ಬಂದು ನಿಂತರು.

"ಬಾಟಲ್ ಎಲ್ಲಿಟ್ಟಿದ್ದೀಯೇ?"

"ಯಾವ ಬಾಟಲ್ ಆಂಟಿ?"

"ಅಯ್ಯೋ ಕೂಸೇ, ನೀನೇ ಹೇಳಿದ್ಯಲ್ಲ ಅವತ್ತು, ಮೇಲು ಹಾಲೇ, ಬೇರೆ ಏನೂ ಕೊಡಲ್ಲ ಅಂತ. ನಮ್ಮ ಕಡೆ ತಾಯಿ ಹಾಲಿನ ಮೇಲೆ ಕೊಡೋ ಹಾಲನ್ನೇ ಕಣೇ ಮೇಲು ಹಾಲು ಅನ್ನೋದು!"

ನಾನು ಅಷ್ಟು ಜೋಪಾನ ಮಾಡಿದ ಗುಟ್ಟನ್ನು ನನ್ನ ಬಾಯಿಂದಲೇ ಒಪ್ಪಿಸಿಬಿಟ್ಟಿದ್ದೆ. ಅವರು ಯಾರಿಗೂ ಹೇಳಿರಲಿಲ್ಲ, ನನಗೂ. ಅಳುವಿನ ನಡುವೆ ನಗು ಬಂತು. "ಇಡ್ಲಿ ಪಾತ್ರೆ," ಎಂದೆ. "ಸರಿ ಹೋಯ್ತು, ಬಾಟಲನ್ನೂ ಬೇಯಿಸ್ತೀಯಾ?" ಎನ್ನುತ್ತ ಒಳಗೆ ಹೋದರು.

ಮಗು ಕುಡಿದು ಮಲಗಿದ ಮೇಲೆ ಹೇಳಿದೆ, ನನ್ನ ಕೈಗಳಿಗೆ ನಾನೇ ಹೆದರುತ್ತೇನೆಂದು. ಅವರು ಬೆಚ್ಚಲಿಲ್ಲ. "ನನ್ನ ದೊಡ್ಡವನು ಹುಟ್ಟಿದಾಗ ನಂಗೂ ಹಿಂಗೇ ಆಗಿತ್ತು. ಬಾಣಂತಿ ಸನ್ನಿ ಅಂದ್ರು. ಗಾಳಿ ಸೋಕಿದೆ ಅಂತ ಕತ್ತಲೆ ಕೋಣೇಲಿ ಕೂರ್ಸಿದ್ರು. ಒಬ್ಬರೂ ಪಕ್ಕದಲ್ಲಿ ಕೂರ್ಲಿಲ್ಲ. ಏಳು, ಡಾಕ್ಟರ್ ಹತ್ರ ಹೋಗೋಣ. ಸೀರೆ ಬೇಡ, ಇರೋ ಬಟ್ಟೇಲೇ ಹೊರಡು."

ಮಗುವನ್ನೂ ಎತ್ತಿಕೊಂಡು ಆಟೋದಲ್ಲಿ ಜಯನಗರಕ್ಕೆ ಹೋದೆವು. ನನ್ನ ಮಾತನ್ನು ಪೂರ್ತಿ ಕೇಳಿದ ಮನೋವೈದ್ಯೆ, ಇದು ಕಾಯಿಲೆ, ವಾಸಿಯಾಗುತ್ತದೆ, ಹಾಲುಣಿಸುವವರಿಗೆ ಹೊಂದುವ ಮಾತ್ರೆಗಳಿವೆ ಎಂದರು. ಎದೆಹಾಲು, ಬಾಟಲು ಎರಡೂ ಇರಲಿ. ನಿಮಗೆ ಮೊದಲು ನಿದ್ದೆ ಬೇಕು ಎಂದರು. ಸಂಜೆ ಗಂಡನಿಗೆ ಎಲ್ಲವನ್ನೂ ಆಂಟಿಯೇ ಕೂರಿಸಿಕೊಂಡು ಹೇಳಿದರು.

ಅಂದಿನಿಂದ ಮಧ್ಯಾಹ್ನದ ಬಾಟಲು ಅವರ ಪಾಲಾಯಿತು. "ಮೇಲು ಹಾಲು ಮೇಲಿನ ಮನೇದು. ನೀ ಹೋಗಿ ಮಲ್ಕೋ," ಎನ್ನುತ್ತಿದ್ದರು. ಸಬ್ಬಸಿಗೆ ಪಲ್ಯ ತಂದಾಗ ನಾನು ಮುಖ ಸಣ್ಣ ಮಾಡಿದೆನೇನೋ, "ಹಾಲು ಬರ್ಲಿ ಅಂತಲ್ಲಮ್ಮ, ಚೆನ್ನಾಗಿ ಬಂದಿದೆ ಅಂತ ತಂದೆ," ಎಂದಿದ್ದರು. ನಾನು ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಬಾಗಿಲು ಕೆರೆಯುವುದು ಒಂದು ದಿನವೂ ತಪ್ಪಲಿಲ್ಲ. ಮಗಳು ಸ್ಕೂಲಿಗೆ ಸೇರಿದ ಮೇಲೂ ಮಧ್ಯಾಹ್ನ ಬಂದು, ಬಳೆಗೆ ರಬ್ಬರ್ ಬ್ಯಾಂಡ್ ಬಿಗಿದುಕೊಂಡೇ, ಸುಮ್ಮನೆ ಕೂತು ಹೋಗುತ್ತಿದ್ದರು. ಈಗ ಆ ಹೊತ್ತಿಗೆ ಬಾಗಿಲ ಕಡೆ ಕಿವಿ ಹೋಗುತ್ತದೆ. ಮನೆ ಅಂದಿನಷ್ಟೇ ಖಾಲಿ.

ಇವತ್ತು ಸಂಜೆ ಕಸದ ಬಕೆಟ್ ಇಡಲು ಇಳಿದಾಗ ಕೆಳಗಿನ ಮನೆಯವರು ಗೇಟಿನ ಹತ್ತಿರ, ಬಟ್ಟೆ ಒಣಹಾಕುವ ಹಗ್ಗದ ಬಳಿ ನಿಂತಿದ್ದರು. ಮಾತಿಗೆ ಮಾತು ಬಂದು, ಒಣಗಿದ ಬಟ್ಟೆ ತೆಗೆಯುತ್ತಲೇ ಅಂದರು:

"ಆಂಟಿ ಹೋದ್ಮೇಲೆ ಬೆಳಿಗ್ಗೆ ನಂಗೆ ಎಚ್ಚರಾನೇ ಆಗಲ್ಲ ಕಣ್ರೀ. ಅವರ ಬಳೆ ಸದ್ದೇ ಅಲಾರಂ ಆಗಿತ್ತು. ಹೂವಿಗೆ ಇಳಿಯೋವಾಗ ನಿಮ್ಮ ಬಾಗ್ಲು ದಾಟೋವರ್ಗೂ ಏನಿಲ್ಲ, ಆಮೇಲೆ ಶುರುವಾಗೋದು ನೋಡಿ, ಗಲಗಲ ಗಲಗಲ ಅಂತ."