ರೂಟಾಗಿ ಕೂತ ಮಧ್ಯಾಹ್ನ

ಮಂಗಲಾ, ಬೆಳಕೆಯ ಮದುವೆಯ ಫೋಟೋಗಳನ್ನು ಅಳಿಸಿದವನು ನಾನು. ನೀನಲ್ಲ. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಹೊನ್ನಾವರದ ನನ್ನ ಸ್ಟುಡಿಯೋದ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೇ ನಾನು. ಹೊಳನಗದ್ದೆಯಿಂದ ನೀನು ಕೆಲಸಕ್ಕೆ ಬಂದ ಹೊಸತರಲ್ಲಿ ನಿನಗೆ ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಮಾಡಿಕೊಟ್ಟು ದೊಡ್ಡ ಮೇಷ್ಟ್ರ ಹಾಗೆ ಪಾಠ ಹೇಳಿದ್ದೆ: ನಿನ್ನ ಫೋಲ್ಡರನ್ನು ನಿನ್ನನ್ನು ಬಿಟ್ಟು ಯಾರಿಗೂ ಮುಟ್ಟಲಾಗದು. ರೂಟ್ ಎಂಬ ಯಜಮಾನ ಖಾತೆಯೊಂದಿದೆ, ಅದಕ್ಕೆ ಯಾವ ಬೀಗವೂ ಅಡ್ಡ ಬರುವುದಿಲ್ಲ, ಅದಕ್ಕೇ ಅದರಲ್ಲಿ ಕೂತು ದಿನದ ಕೆಲಸ ಮಾಡಲೇಬಾರದು. ನೀನು ನಂಬಿದೆ. ನಾನೋ — ಮಾತುಮಾತಿಗೆ ಪಾಸ್‌ವರ್ಡ್ ಕೇಳುತ್ತದೆಂದು ಸಿಟ್ಟು ಬಂದು, ನೀನಿಲ್ಲದಾಗ ಇಡೀ ಡೆಸ್ಕ್‌ಟಾಪನ್ನೇ ರೂಟಾಗಿ ತೆರೆದುಕೊಂಡು ಕೂರುತ್ತಿದ್ದೆ. ನನ್ನ ಅಂಗಡಿ, ನನ್ನ ಕಂಪ್ಯೂಟರು, ನನಗೆಂತ ಅಡ್ಡಿ ಎಂಬ ಸೊಕ್ಕು.

ಲಗ್ನದ ಸೀಸನ್. ಡಿಸ್ಕ್ ತುಂಬಿತ್ತು. ನೀನು ಊಟಕ್ಕೆ ಹೋಗಿದ್ದೆ. ಹಳೆಯ ವಿಡಿಯೋಗಳನ್ನು ಆರಿಸಿ, ಕಸದ ಬುಟ್ಟಿಗೂ ಹೋಗದ ಹಾಗೆ ಒಂದೇ ಸಲಕ್ಕೆ ಅಳಿಸಿದೆ. ಅವುಗಳ ಜೊತೆ ಬೆಳಕೆಯ ಮದುವೆಯ ಫೋಟೋಗಳಿದ್ದ ನಿನ್ನ ಫೋಲ್ಡರೂ ಸೇರಿಕೊಂಡಿತ್ತು. ನನ್ನ ಖಾತೆಯಲ್ಲಿ ಇದ್ದಿದ್ದರೆ ‘ಅನುಮತಿ ಇಲ್ಲ’ ಎಂದು ಕಂಪ್ಯೂಟರು ತಡೆಯುತ್ತಿತ್ತು. ರೂಟನ್ನು ಯಾರು ತಡೆಯುತ್ತಾರೆ? ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಮುಂದಿನ ಮದುವೆಗೆಂದು ಖಾಲಿ ಮಾಡಿಯಾಗಿತ್ತು. ರೂಟಿನಿಂದ ಹೊರಬಂದು, ಚಾ ತರಿಸಿ, ಏನೂ ಆಗದವನಂತೆ ಕೂತೆ — ಥೂ!

ಸಂಜೆ ಮದುಮಗಳ ಅಪ್ಪ ವೆಂಕಟರಮಣಣ್ಣ ಆಲ್ಬಮ್ಮಿಗೆ ಫೋಟೋ ಆರಿಸಲು ಬಂದರು. ಬೋಟಿನವರು, ದಡದಲ್ಲಿ ಸಿಗುವುದೇ ಅಪರೂಪ. ನೀನು ಫೋಲ್ಡರ್ ಹುಡುಕಿದೆ. ಮತ್ತೆ ಹುಡುಕಿದೆ. “ಫೋಟೋ ಒಂದೂ ಕಾಣ್ತಾ ಇಲ್ಲ” ಎಂದೆ ನೀನು.

“ಎಂತ ಆತು?” ಎಂದರು ಅವರು. “ಲಗ್ನ ಆದ್ಮೇಲೆ ನಮ್ಮ ಅಮ್ಮ ತೀರಿಹೋದ್ರು ಮಾರಾಯಾ, ಅವರ ಕಡೇ ಫೋಟೋ ಅದ್ರಲ್ಲೇ ಇದ್ದದ್ದು.”

ಆಗ ನಾನು ಆ ಮಾತು ಆಡಿದೆ: “ಆ ಫೋಲ್ಡರ್ ಮಂಗಲಾ ಒಬ್ಬಳಿಗೇ ತೆಗಿಯೂಕೆ ಬರೂದು. ಬೇರೆ ಯಾರ ಕೈಯೂ ಅಲ್ಲಿ ಹೋಗೂದಿಲ್ಲ.”

ನಾನು ಕಲಿಸಿದ ಪಾಠವನ್ನೇ ನಿನ್ನ ಮೇಲೆ ತಿರುಗಿಸಿದೆ. ನೀನು ನನ್ನ ಮುಖ ನೋಡಿದೆ. “ಅಣ್ಣಾ, ನಾ ಮುಟ್ಲಿಲ್ಲ” ಎಂದೆ — ಅಷ್ಟೇ. ನಾನು ನಿನ್ನ ಪರ ಒಂದು ಮಾತು ಆಡಿಯೇನೆಂದು ಕಾಯುತ್ತಿದ್ದೆಯಲ್ಲ...

ಮರುದಿನ ನೀನು ಬರಲಿಲ್ಲ. ಕುಮಟೆಯ ಸ್ಟುಡಿಯೋದವರೊಬ್ಬರು ಫೋನ್ ಮಾಡಿ, ನಿನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ನಾನು ಸುಮ್ಮನಿದ್ದೆ. ನನ್ನ ಮೌನದಿಂದ ಅವರು ಬೇಕಾದಷ್ಟು ಅರ್ಥ ಮಾಡಿಕೊಂಡರು. ಆಮೇಲೆ ನೀನು ಈ ಕೆಲಸವನ್ನೇ ಬಿಟ್ಟೆಯೆಂದು ಯಾರೋ ಹೇಳಿದರು.

ಮೊನ್ನೆ ಬೆಳಕೆಗೆ ಹೋಗಿ ವೆಂಕಟರಮಣಣ್ಣನ ಎದುರು ಎಲ್ಲ ಹೇಳಿದೆ. ಹೊಡೆದರೂ ಹೊಡೆಯಲಿ ಎಂದೇ ಹೋಗಿದ್ದೆ. ಅವರು ಕೇಳಿದರು: “ಆ ಹುಡುಗಿಗೆ ಹೇಳಿದ್ಯಾ?”

“ಇಲ್ಲ” ಎಂದೆ.

“ಹಂಗಾರೆ ನನ್ನ ಹತ್ರ ಎಂತಕ್ಕೆ ಬಂದೆ?”

ನಾಳೆ ಹೊಳನಗದ್ದೆಗೆ ಬರುತ್ತೇನೆ, ಮಂಗಲಾ. ನೀನು ಬಾಗಿಲು ತೆಗೆಯದಿದ್ದರೂ ಸರಿ — ಅಂಗಳದಲ್ಲಿ ನಿಂತು, ನೆರೆಮನೆಯವರಿಗೂ ಕೇಳುವ ಹಾಗೆ ಹೇಳಿ ಹೋಗುತ್ತೇನೆ.